ಕಡಲ ತಡಿಯಲ್ಲಿ ಒಲೆ ಹೂಡಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕಿನವರಿಗೆ ನೀರೆಂದರೆ ಕೆರೆ, ಕಾಲುವೆ, ಹೊಳೆ. ಚನ್ನಗಿರಿಯವರಿಗೆ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ. ಹೊನ್ನಾಳಿಯ ಸೇತುವೆಯ ಕೆಳಗೆ ತುಂಗಭದ್ರೆ ಇದ್ದಾಳೆ. ಅವಳೂ ಪಡುವಣ ಕಡಲಿಗೆ ಬೆನ್ನು ಹಾಕಿ ಮೂಡಣಕ್ಕೇ ಹೊರಡುತ್ತಾಳೆ. ಜಗಳೂರಿನವರು ಮುಗಿಲು ನೋಡಿಯೇ ಬದುಕಿದವರು. ದೀಟೂರಿನಿಂದ ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಬಂದಮೇಲೆ ಅಲ್ಲಿ ಕೆರೆಯ ಮಾತು ಮತ್ತೆ ಶುರುವಾಗಿದೆ.

ಇಂಥ ಬಯಲುಸೀಮೆಯ ನಮಗೆ ಕಡಲೆಂದರೆ ಇನ್ನಿಲ್ಲದ ಆಸೆ. ದಸರಾ ರಜೆಗೋ ಬೇಸಿಗೆ ರಜೆಗೋ ಊರಿನ ಟೆಂಪೊ ಟ್ರಾವೆಲರ್‌ಗಳೆಲ್ಲ ಪಡುವಣಕ್ಕೆ ಮುಖ ಮಾಡುತ್ತವೆ. ಇಡಗುಂಜಿ, ಮುರ್ಡೇಶ್ವರ, ಗೋಕರ್ಣ, ಉಡುಪಿ, ಧರ್ಮಸ್ಥಳ, ಎಲ್ಲ ಎರಡೇ ದಿನಕ್ಕೆ. ದೇವರ ದರ್ಶನ, ದಂಡೆಯಲ್ಲಿ ಒಂದು ಗಂಟೆ ಆಟ, ಹೆದ್ದಾರಿ ಬದಿಯ ಹೋಟೆಲಿನಲ್ಲಿ ಗೋಬಿ ಮಂಚೂರಿ, ಪನ್ನೀರ್ ಮಸಾಲಾ, ರಾತ್ರಿ ಘಟ್ಟ ಹತ್ತಿ ವಾಪಸ್. ಕರಾವಳಿಯನ್ನು ನೋಡಿ ಬಂದಿರುತ್ತೇವೆ, ಉಂಡು ಬಂದಿರುವುದಿಲ್ಲ.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಒಂದೇ ಮಾತು. ಮುಂದಿನ ರಜೆಗೆ ಐದು ಊರು ಸುತ್ತುವುದನ್ನು ಬಿಡಿ. ಒಂದೇ ಕಡಲೂರಿನಲ್ಲಿ ಅಡುಗೆಮನೆ ಇರುವ ಮನೆ ಹಿಡಿದು ನಾಲ್ಕು ದಿನ ನಿಲ್ಲಿ. ಬೆಳಿಗ್ಗೆ ಪೇಟೆಗೆ ಹೋಗಿ, ಅಲ್ಲಿ ಸಿಕ್ಕಿದ್ದನ್ನು ತಂದು ನೀವೇ ಬೇಯಿಸಿ. ಹೊನ್ನಾವರ, ಕುಮಟಾ, ಗೋಕರ್ಣ, ಕುಂದಾಪುರ, ಮಲ್ಪೆಯ ಸುತ್ತ ಈಗ ಒಲೆ, ಪಾತ್ರೆ, ಫ್ರಿಜ್ ಸಮೇತ ದಿನದ ಬಾಡಿಗೆಗೆ ಕೊಡುವ ಮನೆಗಳಿವೆ, ಫ್ಲ್ಯಾಟುಗಳಿವೆ, ಹೋಂಸ್ಟೇಗಳಿವೆ. ಒಂದು ಊರನ್ನು ಅರಿಯಲು ಅಲ್ಲಿನ ಪೇಟೆಯಲ್ಲಿ ಚೀಲ ಹಿಡಿದು ನಿಲ್ಲುವುದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಇದು ನಮಗೆ ಹೊಸ ಪದ್ಧತಿಯೂ ಅಲ್ಲ. ಕೊಟ್ಟೂರು ಗುರುಬಸವೇಶ್ವರನ ತೇರಿಗೆ, ಉಕ್ಕಡಗಾತ್ರಿ ಕರಿಬಸವೇಶ್ವರನ ಜಾತ್ರೆಗೆ ಹೋದ ನಮ್ಮ ಹಿರಿಯರು ಬಯಲಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದವರು. ಹೋದಲ್ಲಿ ಅಡುಗೆ ಮಾಡಿ, ಪಕ್ಕದ ಬಿಡಾರದವರಿಗೂ ಬಡಿಸಿ ಉಂಡವರು. ಆ ರೂಢಿಯನ್ನೇ ಕಡಲ ತಡಿಗೆ ಒಯ್ದರಾಯಿತು.

ಘಟ್ಟ ಇಳಿಯುವ ದಾರಿಯೇ ಅರ್ಧ ಸಂತೆ

ನಮ್ಮ ಕಡೆಯಿಂದ ಕಡಲಿಗೆ ಮುಖ್ಯವಾಗಿ ಮೂರು ದಾರಿ. ಶಿವಮೊಗ್ಗ, ತೀರ್ಥಹಳ್ಳಿ ದಾಟಿ 14 ತಿರುವುಗಳ ಆಗುಂಬೆ ಘಾಟಿಯಲ್ಲಿ ಇಳಿದರೆ ಹೆಬ್ರಿ, ಉಡುಪಿ, ಮಲ್ಪೆ. ಹೊಸನಗರದ ಕಡೆಯಿಂದ ಹುಲಿಕಲ್ ಘಾಟಿ ಇಳಿದರೆ ಸಿದ್ದಾಪುರ, ಕುಂದಾಪುರ. ಸಾಗರ, ತಾಳಗುಪ್ಪ ದಾಟಿ ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ. ಹೊನ್ನಾಳಿ, ನ್ಯಾಮತಿಯವರಿಗೆ ಈ ಮೂರನೆಯದು ಅಷ್ಟು ದೂರವಲ್ಲ. ಹೊನ್ನಾಳಿಯಿಂದ ಹೊನ್ನಾವರಕ್ಕೆ 200 ಕಿಲೊಮೀಟರ್ ಆಸುಪಾಸು. ಜಗಳೂರಿನವರು 300 ಕಿಲೊಮೀಟರ್ ಎಂದು ಲೆಕ್ಕ ಹಾಕಿಕೊಳ್ಳಬಹುದು. ಬೆಳಗಿನ ಜಾವ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ.

ಉಣ್ಣಲೆಂದೇ ಹೊರಟವರಿಗೆ ನಾನು ಹೇಳುವುದು ಗೇರುಸೊಪ್ಪೆಯ ದಾರಿಯನ್ನೇ. ಸಾಗರದ ಪೇಟೆಯಲ್ಲಿ ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಒಣಗಿಸಿದ ಮುರುಗಲು ಸಿಪ್ಪೆ ಸಿಗುತ್ತವೆ. ಜೋಗ ದಾಟಿದ ಮೇಲೆ ರಸ್ತೆ ಶರಾವತಿಯ ಕಣಿವೆಗೆ ಇಳಿಯುತ್ತದೆ. 16ನೇ ಶತಮಾನದಲ್ಲಿ ಈ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಯುರೋಪಿನ ಅಡುಗೆಮನೆಗಳಿಗೆ ಇಲ್ಲಿಂದ ಮೆಣಸು ಹೋಗುತ್ತಿತ್ತು. ಇವತ್ತಿಗೂ ಆ ದಾರಿಯ ತೋಟಗಳಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಅಡಿಕೆ ಚನ್ನಗಿರಿಯವರ ಬೆಳೆಯೂ ಹೌದು; ಇಲ್ಲಿನ ತೋಟದವರೊಡನೆ ಮಾತಿಗೆ ಕುಳಿತರೆ ಕೊಳೆರೋಗದಿಂದ ಹಿಡಿದು ಧಾರಣೆಯವರೆಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಘಟ್ಟದ ಮೇಲಿನ ಅಡುಗೆಗೂ ಕೆಳಗಿನ ಅಡುಗೆಗೂ ಹಿಂದಿನಿಂದ ಕೊಡುಕೊಳ್ಳುವಿಕೆ ಇದೆ. ಕರಾವಳಿಯ ಮೀನುಸಾರಿಗೆ ಆ ಕೆಂಪು ಬರುವುದು ನಮ್ಮ ನೆರೆಯ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಿಂದ. ನಮ್ಮ ವಾರದ ಸಂತೆಗಳಲ್ಲಿ ಗೋಣಿ ಹಾಸಿ ಗುಡ್ಡೆ ಹಾಕುವ ಒಣಮೀನು ಅಲ್ಲಿಂದ ಮೇಲೆ ಬಂದದ್ದು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಕಡಲ ನೀರನ್ನು ಪಾತಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುವುದನ್ನು ಇಂದೂ ನೋಡಬಹುದು. ಒಂದು ಕಿಲೊ ಕೊಂಡು ಬಂದರೆ ಆ ವರ್ಷದ ಮಾವಿನಕಾಯಿ ಉಪ್ಪಿನಕಾಯಿಗೆ ಆದೀತು.

ಪೇಟೆಯಲ್ಲಿ ಬೆಳಗು

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುತ್ತಾಳೆ. ಅಳಿವೆಯ ಆಚೆಗಿನ ಕಾಸರಕೋಡು ದಂಡೆಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದೇ ವರ್ಷ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಸಿಕ್ಕಿತು. ಅದೇ ಕಾಸರಕೋಡಿನ ಟೊಂಕಾದಲ್ಲಿ ಹೆಣ್ಣುಮಕ್ಕಳು ಮರಳ ಮೇಲೆ ಮೀನು ಹರವಿ ಒಣಗಿಸುತ್ತಾರೆ. ಅಲ್ಲಿ ಬರಲಿರುವ ಬಂದರಿನಿಂದ ಈ ದಂಡೆ ಕೈತಪ್ಪೀತೆಂದು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ನಮ್ಮ ಸಂತೆಯ ಒಣಮೀನಿಗೂ ಈ ಮರಳಿಗೂ ಸಂಬಂಧವಿದೆ ಎಂಬುದನ್ನು ಘಟ್ಟದ ಮೇಲಿನವರಾದ ನಾವು ಮರೆಯಬಾರದು.

ಮೀನುಪೇಟೆಗೆ ಬೆಳಿಗ್ಗೆ ಬೇಗ ಹೋಗಬೇಕು. ಕೂತು ಮಾರುವವರು ಹರಿಕಂತ್ರ, ಖಾರ್ವಿ, ಅಂಬಿಗ, ಮೊಗೇರ ಸಮುದಾಯಗಳ ಹೆಣ್ಣುಮಕ್ಕಳು. ಮುಂದಿನ ಬುಟ್ಟಿಯಲ್ಲಿ ಬಂಗಡೆ, ತಾರ್ಲೆ, ಶೆಟ್ಲಿ ಎನ್ನುವ ಸಿಗಡಿ, ಮಧ್ಯೆ ಕೊಯ್ದಿಟ್ಟ ದೊಡ್ಡ ಇಸೋಣ. ಉಡುಪಿ ಕಡೆ ಹೋದರೆ ಇದೇ ತಾರ್ಲೆಯನ್ನು ಬೂತಾಯಿ ಎಂದು, ಇಸೋಣವನ್ನು ಅಂಜಲ್ ಎಂದು ಕೇಳಬೇಕು. ಸೂಳೆಕೆರೆಯ ಕಾಟ್ಲಾ, ರೋಹು, ಗೆಂಡೆ ತಿಂದು ಬೆಳೆದವರಿಗೆ ಮೊದಲ ದಿನ ಕೈಯಾಡುವುದಿಲ್ಲ. ಮಾರುವ ಹೆಣ್ಣುಮಕ್ಕಳೇ ನೆರವಿಗೆ ಬರುತ್ತಾರೆ.

“ಘಟ್ಟದ ಮೇಲಿನವ್ರಾ? ಸಾರಿಗೋ, ಹುರೂಕೋ?”

“ಎರಡಕ್ಕೂ ಬೇಕಿತ್ತಕ್ಕಾ. ಮನೆಯಲ್ಲಿ ಮಕ್ಕಳಿದಾರೆ, ಮುಳ್ಳು ಕಡಿಮೆ ಇರೋದು ಹೇಳಿ.”

“ಮಕ್ಕಳಿಗೆ ಶೆಟ್ಲಿ ತಕ್ಕೊಳ್ಳಿ. ಸಾರಿಗೆ ಬಂಗಡೆ. ಇವತ್ತಿಂದೇ, ಕಿವಿ ಎತ್ತಿ ನೋಡಿ.”

ಮೀನಿನ ಕಿವಿ ಎತ್ತಿ ನೋಡುವುದೇ ಮೊದಲ ಪರೀಕ್ಷೆ. ಒಳಗೆ ಕಡುಗೆಂಪು ಇದ್ದರೆ ತಾಜಾ, ಕಂದು ತಿರುಗಿದ್ದರೆ ಹಳತು. ಕಣ್ಣು ಉಬ್ಬಿ ಹೊಳೆಯಬೇಕು, ಗುಳಿ ಬಿದ್ದಿರಬಾರದು. ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ವಾಸನೆ ಕಡಲಿನದಾಗಿರಬೇಕು, ಮೂಗು ಮುಚ್ಚಿಕೊಳ್ಳುವಂತಿರಬಾರದು. ಮೀನು ಕೊಯ್ದು ಕೊಡುವವರು ಪೇಟೆಯಲ್ಲೇ ಇರುತ್ತಾರೆ. ಅವರ ಕೂಲಿಗೆ ಚೌಕಾಸಿ ಬೇಡ. ಬಾಡಿಗೆ ಮನೆಯ ಸಿಂಕಿನಲ್ಲಿ ಮೀನು ಬಿಡಿಸಿ, ನೀರು ಕಟ್ಟಿಕೊಂಡು ಒದ್ದಾಡುವುದೂ ಅದರಿಂದ ತಪ್ಪುತ್ತದೆ.

ಒಂದು ಬಂಗಡೆ ಸಾರು

ನಮ್ಮ ಕಡೆಯ ಕೆರೆಮೀನಿನ ಸಾರಿಗೆ ಈರುಳ್ಳಿ ಹುರಿಯುತ್ತೇವೆ, ಒಣಕೊಬ್ಬರಿ, ಬೆಳ್ಳುಳ್ಳಿ, ಶುಂಠಿ, ಗಸಗಸೆ ಅರೆಯುತ್ತೇವೆ, ಟೊಮೆಟೊ ಹಾಕುತ್ತೇವೆ. ಕೆರೆಮೀನಿಗೆ ಕೆಸರಿನ ವಾಸನೆ ಇರುವುದರಿಂದ ಅಷ್ಟು ಮಸಾಲೆ ಬೇಕು. ತಾಜಾ ಬಂಗಡೆಗೆ ಅದಾವುದೂ ಬೇಡ.

ಅರ್ಧ ಕಿಲೊ ಬಂಗಡೆಗೆ ಒಂದು ಸಣ್ಣ ತೆಂಗಿನಕಾಯಿ. ಎಂಟ್ಹತ್ತು ಬ್ಯಾಡಗಿ ಮೆಣಸನ್ನು ಬಿಸಿನೀರಿನಲ್ಲಿ ನೆನೆಹಾಕಿ, ಒಂದು ಚಮಚ ಕೊತ್ತಂಬರಿ ಬೀಜ, ಚಿಟಿಕೆ ಅರಿಶಿನ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಸೇರಿಸಿ ಕಾಯಿತುರಿಯೊಂದಿಗೆ ನುಣ್ಣಗೆ ಅರೆಯಬೇಕು. ನುಣ್ಣಗೆ ಎಂದರೆ ಬೆರಳಿಗೆ ತರಿ ಸಿಗಬಾರದು. ಬಾಡಿಗೆ ಮನೆಯ ಮಿಕ್ಸಿ ಹಳತಾಗಿದ್ದರೆ ಎರಡು ಸಲ ತಿರುಗಿಸಿ. ಅರೆದದ್ದಕ್ಕೆ ನೀರು, ಉಪ್ಪು ಸೇರಿಸಿ ಕುದಿಗೆ ಇಡಿ. ಒಗ್ಗರಣೆ ಇಲ್ಲ.

ಈಗ ಜುಮ್ಮನಕಾಯಿ. ಕರಾವಳಿಯ ಅಂಗಡಿಗಳಲ್ಲಿ ಒಣಗಿಸಿ ಮಾರುವ, ಬಾಯಿ ಬಿಟ್ಟ ಪುಟ್ಟ ಕಾಯಿ ಇದು. ಕೊಂಕಣಿಯವರು ತೆಫಳ ಎನ್ನುತ್ತಾರೆ. ಒಳಗಿನ ಕರಿ ಬೀಜ ತೆಗೆದು ಸಿಪ್ಪೆ ಮಾತ್ರ ಉಳಿಸಿಕೊಂಡು, ನಾಲ್ಕೈದನ್ನು ಜಜ್ಜಿ ಕುದಿಯುವ ಸಾರಿಗೆ ಹಾಕಿದರೆ ಮನೆಯೆಲ್ಲ ಘಮ. ನಾಲಗೆಗೆ ಕೊಂಚ ಜೋಮು ಹಿಡಿಸುವ ಈ ಕಾಯಿ ಬಂಗಡೆಯ ಎಣ್ಣೆಯ ವಾಸನೆಯನ್ನು ಎಳೆದುಕೊಳ್ಳುತ್ತದೆ. ಅದಾದಮೇಲೆ ಮೀನು ಬಿಡಬೇಕು. ಏಳೆಂಟು ನಿಮಿಷ ಸಾಕು. ಸೌಟು ಹಾಕಿ ತಿರುವಬೇಡಿ, ಮೀನು ಒಡೆಯುತ್ತದೆ. ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಆಡಿಸಿ. ಕೊನೆಗೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ, ಮೇಲೆ ಮುಚ್ಚಳ. ಮಧ್ಯಾಹ್ನ ಮಾಡಿದ್ದನ್ನು ರಾತ್ರಿ ಉಂಡರೆ ರುಚಿ ಹೆಚ್ಚು. ಹೋಟೆಲಿನಲ್ಲಿ ಸಿಗದ, ಸ್ವಂತ ಒಲೆ ಇದ್ದವರಿಗಷ್ಟೇ ದಕ್ಕುವ ಸುಖ ಅದು.

ಅನ್ನದ ವಿಷಯ. ಭದ್ರಾ ನಾಲೆಯ ಸೋನಾ ಮಸೂರಿ ಉಂಡವರಿಗೆ ಕರಾವಳಿಯ ಕುಚಲಕ್ಕಿ ಮೊದಲಿಗೆ ದಪ್ಪವೆನಿಸುತ್ತದೆ. ನೆನೆಹಾಕಿ, ಹೆಚ್ಚು ನೀರಿಟ್ಟು ಬೇಯಿಸಿ, ತಿಳಿ ಬಸಿದು, ಆ ಸಾರಿನೊಂದಿಗೆ ಕಲಸಿ ನೋಡಿ. ಮನೆಯಿಂದ ತಂದ ಅಕ್ಕಿಯ ಚೀಲ ಹಾಗೇ ಉಳಿಯುತ್ತದೆ.

ಉಪ್ಪುನೀರಿನ ಗದ್ದೆ, ಇಳಿತದ ಬಳಚು

ಹೊನ್ನಾವರದಿಂದ ಬಡಗಣಕ್ಕೆ ಹೊರಟರೆ ಕುಮಟಾ, ಅದರಾಚೆ ಅಘನಾಶಿನಿ. ಶಿರಸಿ ಸೀಮೆಯಲ್ಲಿ ಹುಟ್ಟಿ, ಒಂದೂ ಅಣೆಕಟ್ಟೆಗೆ ಸಿಕ್ಕದೆ ಕಡಲು ಸೇರುವ ಹೊಳೆ. ಅದರ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಹೋದರೆ ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲಲ್ಲಿ ತಡಕಿ ಬಳಚು ಎಂಬ ಚಿಪ್ಪುಮೀನು ಎತ್ತುವವರು ಸಿಗುತ್ತಾರೆ. ಬಳಚು ತಂದರೆ ಒಂದೆರಡು ಗಂಟೆ ಉಪ್ಪುನೀರಿನಲ್ಲಿ ಇಟ್ಟು ಮರಳು ಬಿಡಿಸಿ, ಆಮೇಲೆ ಆವಿಯಲ್ಲಿ ಬೇಯಿಸಿ. ಬಾಯಿ ತೆರೆದದ್ದು ತಿನ್ನಲು ಯೋಗ್ಯ, ತೆರೆಯದೇ ಉಳಿದದ್ದನ್ನು ಎಸೆದುಬಿಡಿ. ಬಿಡಿಸಿದ ತಿರುಳಿಗೆ ಕಾಯಿತುರಿ, ಮೆಣಸು, ಬೆಳ್ಳುಳ್ಳಿ ಹಾಕಿ ಪಲ್ಯದಂತೆ ಬಾಡಿಸಿದರೆ ನಮ್ಮ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ ಜೊತೆ.

ಈ ಅಳಿವೆಯ ಬದಿಗೆ ಗಜನಿ ಗದ್ದೆಗಳಿವೆ. ಮಣ್ಣಿನ ಏರಿ, ನೀರು ತಡೆಯಲು ಹಲಗೆಯ ಬಾಗಿಲು. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ಸಾಯದ ತಳಿ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರು ಬಿಟ್ಟು ಮೀನು, ಶೆಟ್ಲಿ ಹಿಡಿಯುತ್ತಾರೆ. ಉಳಿದ ಕೂಳೆ ಮೀನಿಗೆ ಮೇವು, ಮೀನಿನ ಹೊಲಸು ಮುಂದಿನ ಭತ್ತಕ್ಕೆ ಗೊಬ್ಬರ. ನಾಲೆಯ ನೀರಿಗೆ ಸರದಿ ಕಾಯುವ ಹೊನ್ನಾಳಿ, ಚನ್ನಗಿರಿಯ ಭತ್ತದ ರೈತರು, ಬೋರ್‌ವೆಲ್ ನಂಬಿ ಸೋತ ಜಗಳೂರಿನ ರೈತರು ಈ ಗಜನಿಯನ್ನು ಒಮ್ಮೆ ನಿಂತು ನೋಡಬೇಕು. ಕಗ್ಗದ ಅಕ್ಕಿ ಸಿಕ್ಕಿದರೆ ಕೊಳ್ಳಬೇಕು. ಕೊಳ್ಳುವವರಿದ್ದರಷ್ಟೇ ಬೆಳೆಯುವವರು ಉಳಿಯುತ್ತಾರೆ.

ಮೀನು ತಿನ್ನದ ಮನೆಗೂ ಹಬ್ಬ

ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಮೀನು ಒಲೆ ಹತ್ತುವುದಿಲ್ಲ. ಕರಾವಳಿಯ ಊಟವೆಂದರೆ ಮೀನೊಂದೇ ಎಂದುಕೊಂಡು ಅವರು ಹಿಂದೆ ಸರಿಯಬೇಕಿಲ್ಲ. ಅಂಕೋಲಾ, ಕುಮಟಾ, ಗೋಕರ್ಣದ ಪೇಟೆಗಳಿಗೆ ಹಾಲಕ್ಕಿ ಹೆಣ್ಣುಮಕ್ಕಳು ತಾವೇ ಬೆಳೆದ ಹರಿವೆ, ಬಸಳೆ, ಮೊಗೆಕಾಯಿ, ಗೆಣಸು ತರುತ್ತಾರೆ. ಕೊರಳ ತುಂಬ ಕರಿಮಣಿ ಸರ ಹಾಕಿದ ಆ ತಾಯಂದಿರ ಕಟ್ಟುಗಳು ಬೇಗ ಖಾಲಿಯಾಗುತ್ತವೆ. ಹಾಡಿನ ಸುಕ್ರಿ ಬೊಮ್ಮಗೌಡ, ಗಿಡ ಬೆಳೆಸಿದ ತುಳಸಿ ಗೌಡ, ಇಬ್ಬರು ಪದ್ಮಶ್ರೀಯರು ಹುಟ್ಟಿದ್ದು ಈ ಸಮುದಾಯದಲ್ಲೇ.

ಬೇಸಿಗೆಯಲ್ಲಿ ಹೋದರೆ ಕುಮಟಾದ ಅಳ್ವೇಕೋಡಿ, ಹಂದಿಗೋಣದ ಬಳಿ ಹೆದ್ದಾರಿಯುದ್ದಕ್ಕೂ ಸಿಹಿ ಈರುಳ್ಳಿಯ ಹೆಣೆದ ಗೊಂಚಲುಗಳು ತೂಗುತ್ತಿರುತ್ತವೆ. ಹಸಿಯಾಗಿ ಕಚ್ಚಿ ತಿನ್ನುವ ಈರುಳ್ಳಿ ಇದು. ಶೇಂಗಾ ಚಟ್ನಿಪುಡಿ, ರೊಟ್ಟಿಯ ಜೊತೆ ಇದೊಂದಿದ್ದರೆ ಪಲ್ಯ ಕೇಳುವವರಿಲ್ಲ. ಅಂಕೋಲಾದ ಕರಿ ಇಶಾಡ ಮಾವಿನ ಕಾಲವೂ ಬೇಸಿಗೆಯ ಕೊನೆಗೇ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಉಡುಪಿ ಕಡೆ ಮನೆ ಹಿಡಿದವರು ಮಟ್ಟು ಊರಿನ ಗುಳ್ಳ ಬದನೆ ಬಿಡಬಾರದು. 2011ರಲ್ಲೇ ಅದೇ ಮಾನ್ಯತೆ ಪಡೆದ, ತೆಳು ಸಿಪ್ಪೆಯ ಹಸಿರು ಬದನೆ. ಅದರ ಹುಳಿಯನ್ನು ಅಲ್ಲಿಯದೇ ಕೊಬ್ಬರಿ ಎಣ್ಣೆಯಲ್ಲಿ ಒಗ್ಗರಣೆ ಹಾಕಿ ಮಾಡಿ ನೋಡಿ.

ಬಾಡಿಗೆ ಅಡುಗೆಮನೆಗೆ ಒಗ್ಗುವ ತಿಂಡಿ ನೀರುದೋಸೆ. ಉದ್ದು ಬೇಡ, ಹುದುಗು ಬರುವವರೆಗೆ ಕಾಯುವುದೂ ಬೇಡ. ರಾತ್ರಿ ನೆನೆಹಾಕಿದ ಅಕ್ಕಿಯನ್ನು ಬೆಳಿಗ್ಗೆ ಹಿಡಿ ಕಾಯಿತುರಿಯೊಂದಿಗೆ ಅರೆದು, ನೀರಿನಷ್ಟೇ ತೆಳ್ಳಗೆ ಮಾಡಿ ಕಾದ ಕಾವಲಿಗೆ ಎರೆದರಾಯಿತು. ಸಾಗರದಲ್ಲಿ ಕೊಂಡ ಜೋನಿ ಬೆಲ್ಲ ಅದಕ್ಕೇ. ಮುರುಗಲು ಸಿಪ್ಪೆ ನೆನೆಸಿದ ನೀರಿಗೆ ಉಪ್ಪು, ಹಸಿಮೆಣಸು, ಇಂಗಿನ ಒಗ್ಗರಣೆ ಹಾಕಿದರೆ ಊಟದ ಕೊನೆಗೆ ತಂಪು ಸಾರು.

ಯಾವಾಗ ಹೋಗಬೇಕು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲವದು. ನಾಡದೋಣಿಯವರು ತರುವ ಸ್ವಲ್ಪ ಮೀನು, ಹೊಳೆಮೀನು ಬಿಟ್ಟರೆ ಆಗ ಪೇಟೆಯಲ್ಲಿ ಒಣಮೀನಿನದೇ ಕಾರುಬಾರು. ಘಟ್ಟದ ರಸ್ತೆಗಳೂ ಮಳೆಗೆ ಕುಸಿಯುವ ಹೊತ್ತು. ಆ ಎರಡು ತಿಂಗಳು ಬಿಡಿ. ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಇಳಿಯುತ್ತವೆ. ದಸರಾದಿಂದ ಸಂಕ್ರಾಂತಿಯವರೆಗೆ ಬಂಗಡೆಗೂ ಒಳ್ಳೆಯದು, ಹವೆಗೂ ಒಳ್ಳೆಯದು. ಬೇಸಿಗೆ ರಜೆಯಲ್ಲಿ ಮಾತ್ರ ಬಿಡುವಿರುವವರು ಸೆಕೆ ತಡೆದುಕೊಂಡರೆ ಮಾವು, ಈರುಳ್ಳಿ, ಹಲಸು ಅವರ ಪಾಲಿಗೆ. ಮೊಟ್ಟೆ ತುಂಬಿದ ಮೀನಿಗೆ, ಬೆರಳುದ್ದದ ಮರಿಮೀನಿಗೆ ಆಸೆ ಪಡಬೇಡಿ. ಕೊಳ್ಳುವವರು ಬೇಡವೆಂದರೆ ಹಿಡಿಯುವವರೂ ಬಿಡುತ್ತಾರೆ.

ಮನೆ ಹಿಡಿಯುವ ಮುನ್ನ

ಫೋನಿನಲ್ಲಿ ಮೊದಲು ಕೇಳಬೇಕಾದದ್ದು ಮೀನು ಬೇಯಿಸಲು ಬಿಡುತ್ತೀರಾ ಎಂದು. ದೇವಸ್ಥಾನದ ಸುತ್ತಿನ ಎಷ್ಟೋ ಮನೆಗಳಲ್ಲಿ ಬಿಡುವುದಿಲ್ಲ, ಅದು ಅವರ ಮರ್ಜಿ. ಸಿಲಿಂಡರ್ ತುಂಬಿದೆಯೇ, ಮಿಕ್ಸಿ ಇದೆಯೇ, ಕಾಯಿ ತುರಿಯುವ ಮಣೆ ಇದೆಯೇ ಎಂದು ಕೇಳಿ. ಮಣೆ ಇಲ್ಲದ ಮನೆಯಲ್ಲಿ ಕರಾವಳಿಯ ಅಡುಗೆ ಕಷ್ಟ. ಕಡಲಿಗೆ ತೀರಾ ಹತ್ತಿರದ ಕೆಲವು ಬಾವಿಗಳಲ್ಲಿ ನೀರು ಸವುಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ಅಡುಗೆ ನೀರು ಎಲ್ಲಿಂದ ಎಂಬುದನ್ನೂ ವಿಚಾರಿಸಿ.

ಮನೆಯಿಂದ ಒಯ್ಯಬೇಕಾದ್ದು ಹೆಚ್ಚಿಲ್ಲ. ಒಂದು ಹರಿತವಾದ ಚಾಕು, ಕಾವಲಿ, ಕೊತ್ತಂಬರಿ, ಬ್ಯಾಡಗಿ ಮೆಣಸು, ಚಟ್ನಿಪುಡಿ, ಜೋಳದ ಹಿಟ್ಟು. ಕಟಕ ರೊಟ್ಟಿ, ಮಂಡಕ್ಕಿ ಒಯ್ಯುವವರು ಬಿಗಿ ಮುಚ್ಚಳದ ಡಬ್ಬಿಯಲ್ಲೇ ಇಡಿ. ಕಡಲ ಗಾಳಿಗೆ ಬಿಟ್ಟರೆ ಒಂದು ರಾತ್ರಿಯಲ್ಲಿ ಎರಡೂ ಮೆತ್ತಗೆ. ಮೀನಿನ ಕಸವನ್ನು ಕಾಗದದಲ್ಲಿ ಸುತ್ತಿ ಮನೆಯವರು ಹೇಳಿದ ಜಾಗಕ್ಕೇ ಹಾಕಿ. ದಂಡೆಗೆ ತಟ್ಟೆ, ಬಾಟಲಿ ಎಸೆದು ಬರುವುದು ಘಟ್ಟದ ಮೇಲಿನವರೆಲ್ಲರ ಹೆಸರು ಕೆಡಿಸುತ್ತದೆ. ಅಲೆ ಜೋರಿದ್ದಾಗ ನೀರಿಗಿಳಿಯಬೇಡಿ. ಕೆರೆಯಲ್ಲಿ, ನಾಲೆಯಲ್ಲಿ ಈಜು ಕಲಿತವರಿಗೆ ಕಡಲ ಸೆಳೆತ ಗೊತ್ತಿರುವುದಿಲ್ಲ. ದಂಡೆಯಲ್ಲಿರುವ ಮೀನುಗಾರರು ಬೇಡವೆಂದರೆ ಬೇಡ.

ಇನ್ನೊಂದು ಮಾತು. ಅಡುಗೆಮನೆ ಇದೆಯೆಂದು ಊರಿನಲ್ಲಿ ಮೂರು ಹೊತ್ತು ಒಲೆಯ ಮುಂದೆ ನಿಲ್ಲುವ ಹೆಣ್ಣುಮಕ್ಕಳನ್ನೇ ಅಲ್ಲೂ ನಿಲ್ಲಿಸಿದರೆ ಅದು ಅವರಿಗೆ ರಜೆಯಲ್ಲ. ಪೇಟೆಗೆ ಗಂಡಸರು ಹೋಗಲಿ, ಕಾಯಿಯನ್ನು ಮಕ್ಕಳು ತುರಿಯಲಿ, ಪಾತ್ರೆಯನ್ನು ಸರದಿಯಲ್ಲಿ ತೊಳೆಯಲಿ. ದಿನಕ್ಕೆ ಒಂದೇ ಹೊತ್ತು ದೊಡ್ಡ ಅಡುಗೆ ಸಾಕು, ಉಳಿದದ್ದಕ್ಕೆ ಗಂಜಿ, ಉಪ್ಪಿನಕಾಯಿ ಇದೆ.

ದಸರಾ ರಜೆಗೆ ಗಾಡಿ ಗೊತ್ತು ಮಾಡುವ ಮುನ್ನ ಮನೆಮಂದಿಯೆಲ್ಲ ಕೂತು ಮಾತಾಡಿ. ಐದು ಊರಿನ ಪಟ್ಟಿ ಹರಿದು ಒಂದೇ ಊರು ಆರಿಸಿಕೊಳ್ಳಿ. ಹೋಗುವಾಗ ನಮ್ಮ ರೊಟ್ಟಿ, ಚಟ್ನಿಪುಡಿ ಒಂದಿಷ್ಟು ಹೆಚ್ಚೇ ಕಟ್ಟಿಕೊಳ್ಳಿ. ಮನೆ ಕೊಟ್ಟವರಿಗೆ, ಸಾರಿನ ಹದ ಹೇಳಿಕೊಟ್ಟ ಮೀನಿನ ಅಕ್ಕನಿಗೆ ಅದನ್ನು ಕೊಟ್ಟು, “ನಮ್ಮ ಕಡೆಗೂ ಬನ್ನಿ” ಎಂದು ಕರೆದು ಬನ್ನಿ.